ಜೊಯಿಡಾಕ್ಕೆ ಯಾವಾಗ ಹೋಗೋದು?

ಕಳೆದ ತಿಂಗಳು ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಕೇಳಿದ: "ಜೊಯಿಡಾಕ್ಕೆ ಹೋಗೋಕೆ ಬೆಸ್ಟ್ ಟೈಮ್ ಯಾವುದು? ಏನೇನ್ ಪ್ಯಾಕ್ ಮಾಡ್ಬೇಕು?" ಎರಡೇ ನಿಮಿಷಕ್ಕೆ ಇನ್ನೊಬ್ಬಳ ಉತ್ತರ ಬಂತು: "ಅಕ್ಟೋಬರ್ ಟು ಮೇ. ಶಾರ್ಟ್ಸ್, ಟೀ ಶರ್ಟ್, ಸನ್‌ಸ್ಕ್ರೀನ್. ಮಳೆಗಾಲ ಬೇಡ." ಎಲ್ಲರೂ ಹೆಬ್ಬೆರಳು ಎತ್ತಿದರು.

ಉತ್ತರ ತಪ್ಪೇನಲ್ಲ. ಆದರೆ ನಮ್ಮ ಮನೆಯ ಹಿರಿಯರು ಆ ಕಡೆ ಹೋಗುತ್ತಿದ್ದ ಲೆಕ್ಕಾಚಾರವೇ ಬೇರೆ ಇತ್ತು. ಅಲ್ಲೇ ಇರುವ ಜನರ ಲೆಕ್ಕ ಇನ್ನೂ ಬೇರೆ. ಈ "ಅಕ್ಟೋಬರ್ ಟು ಮೇ" ಎಲ್ಲಿಂದ ಬಂತು ಅಂತ ಹುಡುಕುತ್ತ ಹೋದರೆ ಜ್ವರ, ಸೊಳ್ಳೆ, ಒಂದು ಅಣೆಕಟ್ಟು, ಒಂದು ಮುಳುಗಿದ ಊರು ಎಲ್ಲವೂ ಸಿಕ್ಕವು.

ಮೊದಲಿಗೆ ಊರಿನ ಪರಿಚಯ. ಜೊಯಿಡಾ ಸಿಟಿ ಅಲ್ಲ. ತಹಶೀಲ್ದಾರ್ ಕಚೇರಿ, ಬಸ್ ಸ್ಟ್ಯಾಂಡು, ಆಸ್ಪತ್ರೆ, ಒಂದಷ್ಟು ಅಂಗಡಿ, ಆಮೇಲೆ ಕಾಡು. ಆದರೆ ನಾವು "ದಾಂಡೇಲಿ ಟ್ರಿಪ್" ಅಂತ ಹಾಕುವ ಫೋಟೋಗಳಲ್ಲಿ ಅರ್ಧಕ್ಕರ್ಧ ತೆಗೆದದ್ದು ಈ ತಾಲೂಕಿನಲ್ಲೇ. ಗಣೇಶಗುಡಿ, ಅಣಶಿ, ಕ್ಯಾಸಲ್‌ರಾಕ್, ಉಳವಿ ಎಲ್ಲ ಜೊಯಿಡಾಕ್ಕೆ ಸೇರಿದವು. ಕಾಳಿ ನದಿ ಹುಟ್ಟೋದೂ ಇಲ್ಲೇ, ಡಿಗ್ಗಿ ಹತ್ತಿರ. ಪಕ್ಕದ ಹಳಿಯಾಳ ಬಯಲುಸೀಮೆಯ ಅಂಚು. ಅಲ್ಲಿಂದ ಪಶ್ಚಿಮಕ್ಕೆ ಗೋವಾ ಗಡಿಯ ಕ್ಯಾಸಲ್‌ರಾಕ್ ತಲುಪುವಷ್ಟರಲ್ಲಿ ಮಳೆ ಹಲವು ಪಟ್ಟು ಹೆಚ್ಚಾಗಿರುತ್ತದೆ. ಹಾಗಾಗಿ "ಅಲ್ಲಿ ವೆದರ್ ಹೇಗಿದೆ?" ಅಂತ ಕೇಳಿದರೆ, ಅಲ್ಲಿ ಅಂದ್ರೆ ಎಲ್ಲಿ ಅಂತ ವಾಪಸ್ ಕೇಳಬೇಕಾಗುತ್ತೆ.

ನಮ್ಮಜ್ಜಿಯ ತವರು ಧಾರವಾಡದ ಕಡೆ ಹಳ್ಳಿ. ಅವಳಿಗೆ ಈ ಕಾಡಿಗೆ ಹೋಗುವ ಸೀಸನ್ ಒಂದೇ: ಮಾಘಮಾಸ, ಭಾರತ ಹುಣ್ಣಿಮೆಯ ಆಸುಪಾಸು, ಉಳವಿ ಚನ್ನಬಸವಣ್ಣನ ಜಾತ್ರೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ರಕ್ತ ಹರಿದ ಮೇಲೆ ಚನ್ನಬಸವಣ್ಣನ ಜೊತೆ ಹೊರಟ ಶರಣರು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಗೆ ಬಂದರು, ಅವನು ಇಲ್ಲೇ ಐಕ್ಯನಾದ ಅನ್ನೋದು ಪರಂಪರೆಯ ಮಾತು. ಅಷ್ಟು ದೂರದಿಂದ ಈ ದಟ್ಟ ಕಾಡಿಗೆ ಯಾಕೆ ಬಂದರು ಅಂದರೆ, ಬೆನ್ನಟ್ಟಿ ಬರುವವರಿಗೆ ಕಷ್ಟವಾಗಲಿ ಅಂತಲೇ. ಅವತ್ತು ರಕ್ಷಣೆಗೆ ಬೇಕಾದ ಕಾಡು ಇವತ್ತು ವೀಕೆಂಡಿಗೆ ಬೇಕಾದ ಕಾಡು.

ಈಗಲೂ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜಾತ್ರೆಗೆ ಹೋಗುವವರಿದ್ದಾರೆ. ನೂರು ಕಿಲೋಮೀಟರಿಗೂ ಮೇಲಿನ ಹಾದಿ, ದಿನಗಟ್ಟಲೆ ಪಯಣ. ಅಜ್ಜಿ ಹೇಳುತ್ತಿದ್ದ ಪ್ಯಾಕಿಂಗ್ ಲಿಸ್ಟು ಕೇಳಿ. ಎಳ್ಳು ಹಚ್ಚಿದ ಖಡಕ್ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮಾದಲಿ. ಹೊದಿಯಲು ಕೌದಿ. ಒಂದು ಕಂದೀಲು. ಗಾಲಿಗೆ ಕೀಲೆಣ್ಣೆ. ಇದಿಷ್ಟು ಮನುಷ್ಯರ ಸಾಮಾನು, ಚಕ್ಕಡಿಯ ಒಂದು ಮೂಲೆ. ಉಳಿದ ಜಾಗವೆಲ್ಲ ಎತ್ತಿಂದು: ಕಣಿಕಿ, ಹೊಟ್ಟು, ಹಿಂಡಿ. "ನಮಗ ಹಸಿವಾದ್ರ ಯಾರರ ಮನ್ಯಾಗ ಕೇಳಬಹುದು, ಎತ್ತು ಯಾರ್ನ ಕೇಳಬೇಕು?" ಅಂತಿದ್ದಳು.

ತಿಂಗಳ ಆಯ್ಕೆ ನೋಡಿ. ಮುಂಗಾರಿನ ಪೀಕು ಮನೆ ಸೇರಿ ಕೈ ಸ್ವಲ್ಪ ಬಿಡುವಾಗಿರುತ್ತೆ. ಹಳ್ಳಗಳಲ್ಲಿ ಎತ್ತು ಕುಡಿಯುವಷ್ಟು ನೀರಿರುತ್ತೆ, ಗಾಡಿ ಮುಳುಗುವಷ್ಟಿರಲ್ಲ. ಬಿಸಿಲು ಇನ್ನೂ ಏರಿರೋದಿಲ್ಲ. ಹುಣ್ಣಿಮೆಯ ಬೆಳಕಿನಲ್ಲಿ ರಾತ್ರಿಯೂ ಗಾಡಿ ಹೊಡೆಯಬಹುದು. ನಾವು ಲಾಂಗ್ ವೀಕೆಂಡ್ ನೋಡಿ ದಿನ ಹಿಡಿಯುತ್ತೇವೆ. ಅವರು ಹೊಲ, ಹಳ್ಳ, ಎತ್ತು, ಚಂದ್ರ ನಾಲ್ಕನ್ನೂ ಕೂಡಿಸಿ ಹಿಡಿದಿದ್ದರು.

"ಅಕ್ಟೋಬರ್ ಟು ಮೇ" ಬಂದದ್ದು ಮಾತ್ರ ಬೇರೆ ದಾರಿಯಿಂದ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರೆಸಿಡೆನ್ಸಿಗೆ ಸೇರಿತು. ಸರ್ಕಾರಕ್ಕೆ ಇಲ್ಲಿ ಬೇಕಾಗಿದ್ದದ್ದು ತೇಗ. ಮಳೆ ನಿಂತು ರಸ್ತೆ ಗಟ್ಟಿಯಾದ ಮೇಲೆ ಅಧಿಕಾರಿಗಳು ಡೇರೆ ಹೊರಿಸಿಕೊಂಡು ಸರ್ಕೀಟು ಹೊರಡೋದು, ಮರ ಕಡಿಸಿ ಗಾಡಿಯಲ್ಲಿ ಸಾಗಿಸೋದು, ಮೊದಲ ಮಳೆಗೆ ಮುಂಚೆ ಕೆಳಗಿಳಿಯೋದು. ಅವರು ಇದಕ್ಕೆ ಫೇರ್ ಸೀಸನ್ ಅಂತ ಕರೆದರು. ಟೂರಿಸಂ ಬ್ರೋಷರುಗಳು ಈಗ ಹೇಳುವ ಸೀಸನ್ನಿನ ಮುತ್ತಾತ ಇದೇ ಅಂತ ನನ್ನ ಗುಮಾನಿ. ಮಳೆಗಾಲದಲ್ಲಿ ಆ ಊರಿಗೆ ಅಸ್ತಿತ್ವವೇ ಇಲ್ಲ ಅನ್ನೋ ಥರ ಎರಡೂ ಕ್ಯಾಲೆಂಡರ್ ಮಾತಾಡುತ್ತವೆ.

ಆದರೆ ಈ "ಒಳ್ಳೆ ಸೀಸನ್" ಆಗ ಒಳ್ಳೆಯದೇ ಆಗಿರಲಿಲ್ಲ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ, 1883ರಲ್ಲಿ ಬಂದ ಕೆನರಾ ಗೆಜೆಟಿಯರ್ ತೆರೆದರೆ ಘಟ್ಟದ ಮೇಲಿನ ತಾಲೂಕುಗಳ ಬಗ್ಗೆ ಮತ್ತೆ ಮತ್ತೆ ಬರೋ ವಿಷಯ ಜ್ವರ. ಕೊಳೆಯುವ ಎಲೆಯ ಗಾಳಿಯಿಂದ, ಕಾಡಿನ ನೀರಿನಿಂದ ಜ್ವರ ಬರುತ್ತೆ ಅಂತ ಆ ಕಾಲದ ನಂಬಿಕೆ. ಮಲೇರಿಯಾ ಅನ್ನೋ ಪದದ ಅರ್ಥವೇ ಕೆಟ್ಟ ಗಾಳಿ. ಅದು ಸೊಳ್ಳೆಯ ಕೆಲಸ ಅಂತ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್‌ಗೆ ಸುಳಿವು ಸಿಕ್ಕಿದ್ದು 1897ರಲ್ಲಿ. ಅಷ್ಟರೊಳಗೆ ಈ ಸೀಮೆಯ ಎಷ್ಟೋ ಹಳ್ಳಿಗಳು ಖಾಲಿಯಾಗಿದ್ದವು. ಆಮೇಲೂ ಎಷ್ಟೋ ವರ್ಷ ಜನಗಣತಿ ಬಂದಾಗೆಲ್ಲ ಘಟ್ಟದ ಮೇಲಿನ ಲೆಕ್ಕ ಇಳಿಯುತ್ತಿತ್ತು.

ಇಲ್ಲಿನ ಮುಖ್ಯ ಆರೋಪಿ ಅನಾಫಿಲಿಸ್ ಫ್ಲುವಿಯಾಟಿಲಿಸ್ ಅನ್ನೋ ಸೊಳ್ಳೆ. ಇದು ಕೊಳಚೆಯಲ್ಲಿ ಮೊಟ್ಟೆ ಇಡುವ ಜಾತಿ ಅಲ್ಲ. ಇದಕ್ಕೆ ಬೇಕಾದದ್ದು ನಿಧಾನವಾಗಿ ಹರಿಯುವ ತಿಳಿನೀರಿನ ತೊರೆ, ಅಂಚಿನಲ್ಲಿ ಸ್ವಲ್ಪ ಹುಲ್ಲು. ಭಾರೀ ಮಳೆ ಸುರಿಯುವಾಗ ಹಳ್ಳದ ರಭಸಕ್ಕೆ ಮರಿಗಳು ಕೊಚ್ಚಿಹೋಗುತ್ತವೆ. ಮಳೆ ನಿಂತು, ನೀರು ತಿಳಿಯಾಗಿ, ನಾವು ಕಾಲು ಇಳಿಬಿಟ್ಟು ಸೆಲ್ಫಿ ತೆಗೆಯೋಣ ಅನ್ನಿಸುವಂತಾದ ಮೇಲೆ ಅದರ ಸೀಸನ್ ಶುರು. ನಮ್ಮ ಬೆಸ್ಟ್ ಟೈಮೇ ಅದರದ್ದೂ ಬೆಸ್ಟ್ ಟೈಮು.

ಹೀಗಾಗಿ ಒಂದು ಕಾಲಕ್ಕೆ ಈ ಕಡೆ ಹೊರಟವರ ಪೆಟ್ಟಿಗೆಯಲ್ಲಿ ಸೊಳ್ಳೆಪರದೆ, ಕ್ವಿನೈನ್ ಎರಡೂ ಇರಲೇಬೇಕಿತ್ತು. ಪೆಟ್ಟಿಗೆ ಇದ್ದವರ ಮಾತು ಇದು. ಅಧಿಕಾರಿಯ ಡೇರೆ ಹೊತ್ತವನು, ಕೂಪಿನಲ್ಲಿ ಕೊಡಲಿ ಹಿಡಿದವನು, ಗಾಡಿ ಹೊಡೆದವನು ಏನು ಪ್ಯಾಕ್ ಮಾಡಿಕೊಂಡು ಬರ್ತಿದ್ದ ಅಂತ ಯಾವ ಗೆಜೆಟಿಯರೂ ಪಟ್ಟಿ ಕೊಡೋದಿಲ್ಲ.

ಬದಲಾವಣೆ ಬಂದದ್ದು ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ. ಮುಂಬಯಿ ಪ್ರಾಂತದ ಮಲೇರಿಯಾ ತಜ್ಞ ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರ ತಂಡ ಧಾರವಾಡ ಮತ್ತು ಕೆನರಾ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸಿ ನೋಡಿತು. ರಕ್ತ ಕುಡಿದ ಸೊಳ್ಳೆ ಗೋಡೆ ಮೇಲೆ ಕೂತು ಸುಧಾರಿಸಿಕೊಳ್ಳುತ್ತೆ, ಅಲ್ಲೇ ವಿಷ ತಗಲಲಿ ಅನ್ನೋ ಸರಳ ಯೋಚನೆ. ಫಲಿತಾಂಶವನ್ನು 1947ರಲ್ಲಿ ಪ್ರಕಟಿಸಿದರು. ದೇಶಕ್ಕೆಲ್ಲ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದದ್ದು 1953ರಲ್ಲಿ. ಡಿಡಿಟಿಯ ಕೆಡುಕುಗಳ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ್ದೀವಿ, ಸರಿಯೇ. ಆದರೆ ಇವತ್ತು ನಾವು ಗಣೇಶಗುಡಿಯ ಹೊಳೆದಂಡೆಯಲ್ಲಿ ಟೆಂಟ್ ಹಾಕಿ ಮಲಗುತ್ತೇವಲ್ಲ, ಆ ಧೈರ್ಯದ ಹಿಂದೆ ಹಳ್ಳಿಹಳ್ಳಿಗೆ ಪಂಪು ಹೊತ್ತು ನಡೆದವರಿದ್ದಾರೆ.

ಜ್ವರ ಹೋದ ಮೇಲೆ ಊರು ಬೆಳೆಯಿತು. ದಾಂಡೇಲಿಗೆ ಕಾಗದದ ಕಾರ್ಖಾನೆ ಬಂತು, 1956ರಲ್ಲಿ ಅಭಯಾರಣ್ಯ ಬಂತು. ಆಮೇಲೆ ಅಣೆಕಟ್ಟು. ಕಾಳಿ ಮತ್ತು ಪಾಂಡ್ರಿ ಹೊಳೆಗಳು ಕೂಡುವ ಜಾಗದಲ್ಲಿ ಸೂಪಾ ಅನ್ನೋ ಊರಿತ್ತು, ತಾಲೂಕಿಗೂ ಅದರದ್ದೇ ಹೆಸರು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಕಟ್ಟೆ ಎದ್ದಿತು, 1987ರಲ್ಲಿ ಕೆಲಸ ಮುಗಿಯಿತು, ಸೂಪಾ ನೀರಿನಡಿ ಹೋಯಿತು. ಕಚೇರಿಗಳು ಜೊಯಿಡಾಕ್ಕೆ ಬಂದವು. ಬಹಳ ಜನ ಲೋಂಡಾ ಹತ್ತಿರದ ರಾಮನಗರಕ್ಕೆ ಹೋದರು. ಅಂದರೆ ಜೊಯಿಡಾ ತಾಲೂಕು ಕೇಂದ್ರವಾದದ್ದೇ ಇನ್ನೊಂದು ಊರು ಮುಳುಗಿದ್ದಕ್ಕೆ.

ಅದರ ಜೊತೆ ಹೊಳೆಯ ಸೀಸನ್ ಕೂಡ ಬದಲಾಯಿತು. ಮೊದಲು ಕಾಳಿ ಜುಲೈನಲ್ಲಿ ತುಂಬಿ ಏಪ್ರಿಲ್‌ನಲ್ಲಿ ಸೊರಗುತ್ತಿತ್ತು. ಈಗ ಮಳೆಯ ನೀರನ್ನು ಸೂಪಾ ಜಲಾಶಯ ಹಿಡಿದಿಟ್ಟುಕೊಳ್ಳುತ್ತೆ. ಗರಿಷ್ಠ ಮಟ್ಟ 564 ಮೀಟರ್, ಸುಮಾರು 145 ಟಿಎಂಸಿ. ಬೆಂಗಳೂರಿನಲ್ಲಿ ನಾವೆಲ್ಲ ಏಸಿ ಹಾಕಿದಾಗ ಕರೆಂಟು ಬೇಕು, ಟರ್ಬೈನ್ ತಿರುಗುತ್ತೆ, ಕೆಳಗೆ ಹೊಳೆ ಏರುತ್ತೆ. ಮುಂದೆ ಬೊಮ್ಮನಹಳ್ಳಿಯಲ್ಲಿ ಅದೇ ನೀರು ಸುರಂಗ ಹೊಕ್ಕು ನಾಗಝರಿ ವಿದ್ಯುದಾಗಾರಕ್ಕೆ ಹೋಗುತ್ತೆ. ಮೊದಲ ಸಲ ರಾಫ್ಟಿಂಗಿಗೆ ಹೋದಾಗ ನನಗೆ ಇದೆಲ್ಲ ಗೊತ್ತಿರಲಿಲ್ಲ. ಜನವರಿ ತಿಂಗಳು, ಶುಭ್ರ ಆಕಾಶ, ಲೈಫ್ ಜಾಕೆಟ್ ಹಾಕಿ ದಂಡೆಯ ಬಂಡೆ ಮೇಲೆ ಕೂತಿದ್ದೆವು. ಹೊಳೆಯಲ್ಲಿ ಬರೀ ಕಲ್ಲು. "ನೀರು ಇನ್ನೂ ಬಿಟ್ಟಿಲ್ಲ ಸರ್, ಲೋಡ್ ಇಲ್ಲಂತೆ" ಅಂದ ಹುಡುಗ. ಪಂಚಾಂಗ, ಹವಾಮಾನ ಇಲಾಖೆ ಎರಡೂ ಉಪಯೋಗಕ್ಕೆ ಬರದ ಹೊಳೆ ಅದು.

ವಾಪಸ್ ಬರುವಾಗ ರಾಮನಗರದಲ್ಲಿ ಚಹಾಕ್ಕೆ ನಿಂತಿದ್ದೆವು. ಎಲ್ಲಿಗೆ ಹೋಗಿದ್ರಿ ಅಂತ ಬೆಂಚಿನ ಮೇಲಿದ್ದ ಹಿರಿಯರು ಕೇಳಿದರು. ಹೇಳಿದೆ. "ಸೀಸನ್ನಿಗೇ ಬಂದೀರಿ, ಬರೋಬ್ಬರಿ ಆತು" ಅಂದರು. ನಿಮ್ಮೂರು ಇದೇನಾ ಕಾಕಾ ಅಂತ ಸುಮ್ಮನೆ ಕೇಳಿದೆ. "ನಮ್ಮೂರು ಸೂಪಾ. ಅಲ್ಲಿಗೆ ಹೋಗಾಕ ಸೀಸನ್ನ ಇಲ್ಲರಿ" ಅಂದು ಚಹಾದ ಲೋಟ ಕೆಳಗಿಟ್ಟರು. ನಾನು ಏನೂ ಹೇಳಲಿಲ್ಲ, ನಮ್ಮ ಗಾಡಿಯಲ್ಲಿ ಎಲ್ಲರೂ ಒದ್ದೆ ಬಟ್ಟೆಯಲ್ಲಿ ಕಾಯ್ತಿದ್ದರು.

ಇನ್ನು ನಮ್ಮ ಲಿಸ್ಟಿನಲ್ಲಿ "ಬೇಡ" ಅಂತ ಬರೆದ ಮಳೆಗಾಲ. ಕುಣಬಿಗಳಿಗೆ, ಗೌಳಿಗಳಿಗೆ ಅದು ವರ್ಷದ ಮುಖ್ಯ ಕಾಲ, ಅವರ ಪ್ಯಾಕಿಂಗ್ ಎಲ್ಲ ಅದಕ್ಕೇ. ನಾವು ಊರು ಬಿಡುವಾಗ ಪ್ಯಾಕ್ ಮಾಡ್ತೀವಿ, ಅವರು ಊರಲ್ಲೇ ಉಳಿಯೋದಕ್ಕೆ ಪ್ಯಾಕ್ ಮಾಡ್ತಾರೆ. ಮೃಗಶಿರ ಮಳೆ ಹಿಡಿಯುವ ಮೊದಲೇ ಒಣ ಕಟ್ಟಿಗೆ ಮನೆಯೊಳಗೆ ಸೇರಬೇಕು, ಅಕ್ಕಿ, ಉಪ್ಪು, ಮೆಣಸಿನಕಾಯಿ, ಒಣಮೀನು ತಂದಿಟ್ಟುಕೊಳ್ಳಬೇಕು, ಮಾಡು ಸರಿ ಮಾಡಬೇಕು. ಹೊರಗೆ ಹೋಗಲು ಕಂಬಳಿ ಕೊಪ್ಪೆ. ನೆನೆದರೂ ಬೆಚ್ಚಗಿಡುವ ಬಟ್ಟೆ ಅದು. ನನ್ನ ದುಬಾರಿ ಜಾಕೆಟ್ ಆ ಮಳೆಯಲ್ಲಿ ಅರ್ಧ ಗಂಟೆ ತಡೆಯಿತು, ಆಮೇಲೆ ಒಳಗಿನ ಬೆವರು ಯಾವುದು, ಹೊರಗಿನ ನೀರು ಯಾವುದು ಅಂತ ತಿಳಿಯಲಿಲ್ಲ. ಕುಣಬಿಗಳ ಹಿತ್ತಲಲ್ಲಿ ಬೆಳೆಯುವ ಗೆಡ್ಡೆಗೆಣಸು ಕೂಡ ಈ ಮಳೆಯ ಬೆಳೆಯೇ. ಚಳಿಗಾಲದಲ್ಲಿ ಜೊಯಿಡಾದಲ್ಲಿ ಗೆಡ್ಡೆಗೆಣಸು ಮೇಳ ನಡೆಯುತ್ತೆ. ಮುಡ್ಲಿಯ ಗಾತ್ರ ನೋಡಿದರೆ ಆ ವರ್ಷದ ಮಳೆ ಹೇಗಿತ್ತು ಅಂತ ಗೊತ್ತಾಗುತ್ತೆ.

ಇದನ್ನ ರೊಮ್ಯಾಂಟಿಕ್ ಮಾಡೋದು ಬೇಡ. ಹಳ್ಳ ಬಂದರೆ ಕೆಲವು ಹಳ್ಳಿಗಳಿಗೆ ದಾರಿಯೇ ಇರೋದಿಲ್ಲ, ರೋಗಿಗಳನ್ನ ಕಂಬಳಿಯ ಜೋಳಿಗೆಯಲ್ಲಿ ಹೊತ್ತು ಮುಖ್ಯ ರಸ್ತೆಗೆ ತರುತ್ತಾರೆ. ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದರೆ ಕಾರವಾರದ ದಾರಿಯೂ ಬಂದ್. ನೂರಾರು ಟಿಎಂಸಿ ನೀರು ಕಟ್ಟಲು ಆದ ನಾಡಿನಲ್ಲಿ ಒಂದು ಕಾಲುಸಂಕ ಕಟ್ಟೋದು ಯಾಕೆ ಇಷ್ಟು ಕಷ್ಟವೋ.

ಇಷ್ಟೆಲ್ಲ ಗುಂಪಿನಲ್ಲಿ ಟೈಪ್ ಮಾಡೋಕಾಗಲ್ಲ. ಚಿಕ್ಕದಾಗಿ ಬರೆದೆ: ಡಿಸೆಂಬರ್, ಜನವರಿ ಆದರೆ ಸ್ವೆಟರ್ ಇರಲಿ, ಬೆಳಗಿನ ಮಂಜು ಚಳಿ ಹಿಡಿಸುತ್ತೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಡು ಒಣಗಿರುತ್ತೆ, ಸಫಾರಿಗೆ ಒಳ್ಳೇದು, ಬೀಡಿ ಸಿಗರೇಟು ಮನೆಯಲ್ಲೇ ಬಿಟ್ಟು ಬನ್ನಿ. ಮೇನಲ್ಲಿ ಕವಳಿಹಣ್ಣು. ಮಳೆಗಾಲಕ್ಕೆ ರಾಫ್ಟಿಂಗ್ ಇರಲ್ಲ. ಉಂಬಳಕ್ಕೆ ಉಪ್ಪಿನ ಪೊಟ್ಟಣ, ಎರಡು ಜೊತೆ ಹೆಚ್ಚಿಗೆ ಸಾಕ್ಸು, ಟಾರ್ಚು, ಕೈಯಲ್ಲಿ ಕ್ಯಾಶ್, ಯಾಕಂದ್ರೆ ನೆಟ್‌ವರ್ಕ್ ನಂಬೋ ಹಾಗಿಲ್ಲ. ನನ್ನ ಕೇಳಿದರೆ ಮಾಘದ ಹುಣ್ಣಿಮೆಗೆ ಹೋಗೋಣ, ಚಕ್ಕಡಿ ಸಾಲು ನೋಡಬಹುದು.

"ಫೆಬ್ರವರಿಲಿ ರಿಲೀಸ್ ಇದೆ ಗುರು, ಲೀವ್ ಸಿಗಲ್ಲ" ಅಂತ ಮ್ಯಾನೇಜರ್ ಬರೆದ. ಕೊನೆಗೆ ಆಗಸ್ಟ್ 15ರ ಲಾಂಗ್ ವೀಕೆಂಡ್ ಅಂತ ನಿಗದಿಯಾಗಿದೆ. ನಾನು ಊರಿಗೆ ಫೋನ್ ಮಾಡಿ, ಅಟ್ಟದ ಮೇಲಿರುವ ಕಂಬಳಿಯನ್ನ ಬಿಸಿಲಿಗೆ ಹಾಕಿಡು ಅಂತ ಅವ್ವನಿಗೆ ಹೇಳಿದ್ದೇನೆ.