ಹೃದ್ರೋಗಕ್ಕೆ ರಕ್ತದ ಸಾಕ್ಷ್ಯ

ಧೂಮವನ್ನು ಕಂಡು ಅಗ್ನಿಯನ್ನು ಊಹಿಸುವುದು ತಾರ್ಕಿಕರಲ್ಲಿ ಪ್ರಸಿದ್ಧವಾದ ದೃಷ್ಟಾಂತ. ಹೇತುವು ಸಾಧ್ಯವಿಲ್ಲದ ಎಡೆಯಲ್ಲಿಯೂ ಕಾಣಿಸಿಕೊಂಡರೆ ಅದು ಸವ್ಯಭಿಚಾರವೆನಿಸುವುದು, ಅನುಮಾನವು ಕೆಡುವುದು. ರಕ್ತದೊಳಗಿನ ಕುರುಹುಗಳಿಂದ ಹೃದಯದ ರೋಗವನ್ನು ಅರಿಯುವ ವಿದ್ಯೆಯ ಚರಿತ್ರೆಯು ಈ ಒಂದು ದೋಷವನ್ನು ಕಳೆಯಲು ವೈದ್ಯರು ಮಾಡಿದ ಸುಮಾರು ಎಪ್ಪತ್ತು ವರ್ಷಗಳ ಪ್ರಯತ್ನದ ಚರಿತ್ರೆಯೇ ಆಗಿದೆ.

ಹೃದಯದ ಮಾಂಸಕ್ಕೆ ರಕ್ತವನ್ನೊಯ್ಯುವ ಧಮನಿಯು ಹೆಪ್ಪಿನಿಂದ ಕಟ್ಟಿಕೊಂಡರೆ ಆ ಭಾಗದ ಸ್ನಾಯುಕಣಗಳು ಸಾಯುವುವು. ಅವುಗಳೊಳಗಿನ ದ್ರವ್ಯಗಳು ಸೋರಿ ರಕ್ತದಲ್ಲಿ ಬೆರೆಯುವುವು. ಇಂತಹ ರೋಗಿಯು ಒಡನೆಯೇ ಸಾಯಬೇಕೆಂಬ ನಿಯಮವಿಲ್ಲವೆಂದೂ, ಬದುಕಿರುವಾಗಲೇ ರೋಗವನ್ನು ಗುರುತಿಸಬಹುದೆಂದೂ ಷಿಕಾಗೋ ನಗರದ ಜೇಮ್ಸ್ ಹೆರಿಕ್ ಎಂಬ ವೈದ್ಯರು ೧೯೧೨ರಲ್ಲಿ ತೋರಿಸಿಕೊಟ್ಟರು. ಆದರೆ ರಕ್ತವು ಸಾಕ್ಷಿಯಾಗಿ ನಿಂತುದು ೧೯೫೪ರಲ್ಲಿ. ಆ ವರ್ಷ ನ್ಯೂಯಾರ್ಕಿನ ಲಾಡ್ಯೂ, ರೋಬ್ಲೆವ್ಸ್ಕಿ, ಕಾರ್ಮೆನ್ ಎಂಬ ಮೂವರು, ಹೃದಯಾಘಾತವಾದವರ ರಕ್ತರಸದಲ್ಲಿ ಟ್ರಾನ್ಸಮಿನೇಸ್ ಎಂಬ ಕಿಣ್ವವು ಏರುವುದೆಂದು ಪ್ರಕಟಿಸಿದರು. ಆದರೆ ಈ ಕಿಣ್ವವು ಯಕೃತ್ತಿನಲ್ಲಿಯೂ ಹೇರಳವಾಗಿರುವುದರಿಂದ ಅದರ ಸಾಕ್ಷ್ಯವು ಅನೈಕಾಂತಿಕವಾಯಿತು.

೧೯೫೯ರಲ್ಲಿ ಜಪಾನಿನ ಎಬಾಷಿ ಸೆತ್ಸುರೋ ಮತ್ತು ಅವರ ಸಂಗಡಿಗರು, ಮಾಂಸಖಂಡಗಳು ಕ್ಷಯಿಸುವ ರೋಗದಲ್ಲಿ ಕ್ರಿಯಾಟಿನ್ ಕೈನೇಸ್ ಎಂಬ ಬೇರೊಂದು ಕಿಣ್ವವು ರಕ್ತದಲ್ಲಿ ಹೆಚ್ಚುವುದನ್ನು ಕಂಡರು. ಮರುವರ್ಷವೇ ಫ್ರೆಂಚ್ ವಿದ್ವಾಂಸರು ಅದನ್ನು ಹೃದಯಾಘಾತದಲ್ಲಿಯೂ ಕಂಡರು. ಆದರೆ ತೋಳುತೊಡೆಗಳ ಮಾಂಸದಲ್ಲಿಯೂ ಅದು ಉಂಟು. ಸೂಜಿಮದ್ದು ಚುಚ್ಚಿದ ಮಾತ್ರಕ್ಕೇ ಏರಬಲ್ಲುದು. ಅದರ ಎಂಬಿ ಎಂಬ ಭೇದವನ್ನು ಅಳೆಯುವ ಪದ್ಧತಿಯಿಂದ ಈ ಸಂದೇಹವು ಕುಗ್ಗಿತೇ ಹೊರತು ನೀಗಲಿಲ್ಲ.

ನಿಜವಾದ ಪರಿಹಾರವು ರೋಗವನ್ನು ಕುರಿತ ಶೋಧನೆಯಿಂದ ಬರಲಿಲ್ಲ. ಸುಣ್ಣದ ಅಂಶವು ಸ್ನಾಯುವನ್ನು ಹೇಗೆ ಕುಗ್ಗಿಸುವುದೆಂದು ವಿಚಾರಿಸುತ್ತಿದ್ದ ಅದೇ ಎಬಾಷಿಯವರು ೧೯೬೫ರಲ್ಲಿ ಟ್ರೋಪೊನಿನ್ ಎಂಬ ಪ್ರೋಟೀನನ್ನು ಬೆಳಕಿಗೆ ತಂದರು. ಹೃದಯದ ಟ್ರೋಪೊನಿನ್ನಿನ ಎರಡು ಅಂಗಗಳ ರಚನೆಯು ಇತರ ಸ್ನಾಯುಗಳಲ್ಲಿರುವುದಕ್ಕಿಂತ ಭಿನ್ನವೆಂಬುದು ಆಮೇಲೆ ತಿಳಿಯಿತು. ೧೯೮೭ರಲ್ಲಿ ಇಂಗ್ಲೆಂಡಿನ ಕಮಿನ್ಸ್ ಮತ್ತು ಸಂಗಡಿಗರು ಟ್ರೋಪೊನಿನ್ ಐ ಎಂಬುದನ್ನೂ, ೧೯೮೯ರಲ್ಲಿ ಜರ್ಮನಿಯ ಕಾಟುಸ್ ಮತ್ತು ಸಂಗಡಿಗರು ಟ್ರೋಪೊನಿನ್ ಟಿ ಎಂಬುದನ್ನೂ ರಕ್ತದಲ್ಲಿ ಅಳೆಯುವ ವಿಧಾನಗಳನ್ನು ಪ್ರಕಟಿಸಿದರು. ೨೦೦೦ದಲ್ಲಿ ಯೂರೋಪು ಅಮೆರಿಕಗಳ ಹೃದ್ರೋಗತಜ್ಞರ ಸಂಘಗಳು ಹೃದಯಾಘಾತದ ಲಕ್ಷಣವನ್ನೇ ತಿದ್ದಿ, ಟ್ರೋಪೊನಿನ್ನಿಗೆ ಅಗ್ರಸ್ಥಾನವನ್ನು ಕೊಟ್ಟವು.

ಇಲ್ಲಿಗೆ ವಿವಾದವು ಮುಗಿಯಿತೆನ್ನುವಂತಿಲ್ಲ. ೧೯೬೦ರಲ್ಲಿ ಬಾಲ್ಟಿಮೋರ್ ನಗರದ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬವರು, ಎದೆಯನ್ನು ಸೀಳದೆ ಹೊರಗಿನಿಂದಲೇ ಒತ್ತಿ, ನಿಂತ ಹೃದಯದ ಕೆಲಸವನ್ನು ನಡೆಯಿಸಬಹುದೆಂದು ತೋರಿಸಿದರು. ಅಂದಿನಿಂದ, ಹೃದಯವು ಸ್ತಬ್ಧವಾಗಿ ಮರಳಿ ಮಿಡಿದವರು ಆಸ್ಪತ್ರೆಗಳನ್ನು ಸೇರತೊಡಗಿದರು. ಇಂಥವರ ರಕ್ತದಲ್ಲಿ ಟ್ರೋಪೊನಿನ್ ಏರಿರುವುದು ಸಾಮಾನ್ಯ. ಅದು ಧಮನಿಯ ಹೆಪ್ಪಿನಿಂದ ಬಂದುದೋ? ರಕ್ತಸಂಚಾರವು ನಿಂತುದರಿಂದಲೋ, ಎದೆಯ ಒತ್ತಡದಿಂದಲೋ, ವಿದ್ಯುತ್ತಿನ ಆಘಾತದಿಂದಲೋ ಬಂದುದೋ? ಹೃದಯಕ್ಕೆ ಪೆಟ್ಟು ಬಿದ್ದಿದೆಯೆಂದು ಸಾಕ್ಷಿಯು ನಿಜವನ್ನೇ ನುಡಿಯುವುದು. ಪೆಟ್ಟನ್ನು ಕೊಟ್ಟವರಾರೆಂಬುದನ್ನು ನುಡಿಯದು. ಟ್ರೋಪೊನಿನ್ನಿಗೂ ಹೃದಯದ ಗಾಯಕ್ಕೂ ವ್ಯಾಪ್ತಿಯುಂಟು. ಟ್ರೋಪೊನಿನ್ನಿಗೂ ಕಟ್ಟಿದ ಧಮನಿಗೂ ಅಂತಹ ವ್ಯಾಪ್ತಿಯಿಲ್ಲ.

ಇದು ಬರಿಯ ತರ್ಕದ ಮಾತಲ್ಲ. ರೋಗಿಯು ಪ್ರಜ್ಞೆಯಿಲ್ಲದೆ ಮಲಗಿರುವನು. ಎದೆಯ ನೋವು ಮೊದಲೇ ಇದ್ದಿತೇ ಎಂದು ಅವನನ್ನು ಕೇಳುವಂತಿಲ್ಲ. ಅವನನ್ನು ಕೂಡಲೇ ಧಮನಿಪರೀಕ್ಷೆಗೆ ಒಯ್ಯಬೇಕೆ, ಕಾಯಬೇಕೆ ಎಂಬುದನ್ನು ನಿರ್ಣಯಿಸಬೇಕು. ಹೃದಯವಿದ್ಯುಲ್ಲೇಖದಲ್ಲಿ ಹೆಪ್ಪಿನ ಸ್ಪಷ್ಟ ಚಿಹ್ನೆಯಿಲ್ಲದ ೫೩೮ ರೋಗಿಗಳನ್ನು ಕುರಿತು ನೆದರ್‌ಲೆಂಡ್ಸಿನಲ್ಲಿ ನಡೆದು ೨೦೧೯ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೂಡಲೇ ಒಯ್ದವರಲ್ಲಿ ನೂರಕ್ಕೆ ೬೪.೫ ಮಂದಿಯೂ, ತಡೆದು ಒಯ್ದವರಲ್ಲಿ ೬೭.೨ ಮಂದಿಯೂ ತೊಂಬತ್ತು ದಿನಗಳ ಮೇಲೆ ಬದುಕಿದ್ದರು. ಅವಸರದಿಂದ ಲಾಭವು ಕಾಣಲಿಲ್ಲ. ಆದುದರಿಂದ ವೈದ್ಯರು ಒಂದೇ ಸಲದ ಅಂಕಿಯನ್ನು ನೆಚ್ಚದೆ, ಗಂಟೆಗಂಟೆಗೆ ಅದರ ಏರಿಳಿತವನ್ನೂ, ವಿದ್ಯುಲ್ಲೇಖವನ್ನೂ, ಹೃದಯದ ಚಲನೆಯನ್ನೂ ಕೂಡಿಸಿ ನೋಡುವರು.

ಒಂದು ಶಾಸನದಿಂದ ರಾಜನೊಬ್ಬನ ಚರಿತ್ರೆಯನ್ನು ಬರೆಯಲಾಗದು. ಒಂದು ಹನಿ ರಕ್ತದಿಂದ ಹೃದಯದ ಚರಿತ್ರೆಯನ್ನೂ ಬರೆಯಲಾಗದು.