ಬರ್ಲಿನ್‌ಗೆ ಹೋಗದ ಮುಖ್ಯಮಂತ್ರಿ

ಪಶ್ಚಿಮ ಜರ್ಮನಿಯಲ್ಲಿ ಮುಖ್ಯಮಂತ್ರಿ ಪದವಿ ಬಹುಕಾಲ ಚಾನ್ಸಲರ್ ಹುದ್ದೆಗೆ ಮೆಟ್ಟಿಲಾಗಿತ್ತು. ಬಾಡೆನ್-ವ್ಯುರ್ಟೆಂಬರ್ಗ್‌ನ ಕೀಸಿಂಗರ್ 1966ರಲ್ಲಿ, ರೈನ್‌ಲ್ಯಾಂಡ್-ಪಲಾಟಿನೇಟ್ ಆಳಿದ್ದ ಹೆಲ್ಮುಟ್ ಕೋಲ್ 1982ರಲ್ಲಿ ಆ ಮೆಟ್ಟಿಲು ಹತ್ತಿದವರು. ಅದರ ಜೊತೆಗೇ ಇನ್ನೊಂದು ಪರಂಪರೆಯೂ ಬೆಳೆಯಿತು. ರಾಜ್ಯದಲ್ಲೇ ಬೇರೂರಿ, ಪಕ್ಷಕ್ಕಿಂತ ನಾಡಿನ ಹಿರಿಯ ಎನಿಸಿಕೊಳ್ಳುವ ನಾಯಕರದು ಆ ದಾರಿ. 1991ರಿಂದ 2005ರವರೆಗೆ ಬಾಡೆನ್-ವ್ಯುರ್ಟೆಂಬರ್ಗ್‌ನ ರಾಜಧಾನಿ ಸ್ಟುಟ್‌ಗಾರ್ಟ್‌ನಲ್ಲಿ ಆಳಿದ ಎರ್ವಿನ್ ಟಾಯ್ಫೆಲ್ ಅಂಥವರು. ಈ ದಾರಿಗೆ ಸಂವಿಧಾನದ ಬಲವಿದೆ. ಶಾಲೆ, ಪೊಲೀಸ್ ರಾಜ್ಯಗಳ ಕೈಯಲ್ಲಿವೆ. ರಾಜ್ಯಗಳ ಸದನವಾದ ಬುಂಡೆಸ್‌ರಾಟ್‌ನಲ್ಲಿ ನಮ್ಮ ರಾಜ್ಯಸಭೆಯಂತೆ ಶಾಸಕರು ಆರಿಸಿದವರಲ್ಲ, ರಾಜ್ಯ ಸರ್ಕಾರಗಳೇ ಕೂರುತ್ತವೆ. 2011ರಲ್ಲಿ ಬಾಡೆನ್-ವ್ಯುರ್ಟೆಂಬರ್ಗ್‌ನ ಮುಖ್ಯಮಂತ್ರಿಯಾದ ಗ್ರೀನ್ಸ್ ನಾಯಕ ವಿನ್‌ಫ್ರೀಡ್ ಕ್ರೆಚ್‌ಮನ್ ಅವರ ಬದುಕನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹಳೆಯ ರಾಜಕೀಯವನ್ನು ಕೆಡವಲು ಹುಟ್ಟಿದ ಗ್ರೀನ್ಸ್ ಪಕ್ಷ ಅಲ್ಲಿ ಗೆದ್ದದ್ದು ಈ ಹಳೆಯ ಪರಂಪರೆಯನ್ನು ತನ್ನದಾಗಿಸಿಕೊಂಡೇ ಎಂಬುದು ನನ್ನ ವಾದ.

1948ರಲ್ಲಿ ಷ್ಪೈಖಿಂಗೆನ್‌ನಲ್ಲಿ ಹುಟ್ಟಿದ ಅವರು ಪೂರ್ವ ಪ್ರಶ್ಯದಿಂದ ಹೊರದೂಡಲ್ಪಟ್ಟ ಕುಟುಂಬದ ಮಗ. ಯೌವನದಲ್ಲಿ ಕೆಲಕಾಲ ಮಾವೋವಾದಿ ಗುಂಪಿನಲ್ಲಿದ್ದರು, ಆಮೇಲೆ ಜೀವಶಾಸ್ತ್ರ, ರಸಾಯನಶಾಸ್ತ್ರದ ಮೇಷ್ಟರಾದರು. 1979ರಲ್ಲಿ ರಾಜ್ಯದ ಗ್ರೀನ್ಸ್ ಪಕ್ಷ ಕಟ್ಟಿದವರಲ್ಲಿ ಒಬ್ಬರು. ಮರುವರ್ಷ ಶೇ 5.3 ಮತ ಗಳಿಸಿ ವಿಧಾನಸಭೆ ಹೊಕ್ಕ ಆರು ಮಂದಿಯಲ್ಲಿ ಅವರೂ ಇದ್ದರು. ಅಲ್ಲಿಂದ ಮುಖ್ಯಮಂತ್ರಿಯಾಗುವುದಕ್ಕೆ ಮೂರು ದಶಕ ಬೇಕಾಯಿತು. 2011ರ ಮಾರ್ಚ್ 27ರಂದು ಗ್ರೀನ್ಸ್‌ಗೆ ಶೇ 24.2 ಮತ ಬಿತ್ತು; ಶೇ 39 ಪಡೆದ ಸಂಪ್ರದಾಯವಾದಿ ಪಕ್ಷ ಸಿಡಿಯು ಮೊದಲ ಸ್ಥಾನದಲ್ಲಿದ್ದೂ 58 ವರ್ಷಗಳ ಅಧಿಕಾರ ಕಳೆದುಕೊಂಡಿತು. ಫುಕುಶಿಮಾ ಅಣು ದುರಂತ ನಡೆದು ಆಗ ಹದಿನಾರು ದಿನವಷ್ಟೇ ಆಗಿತ್ತು. ಹಾಗಾಗಿ ಅಣುವಿದ್ಯುತ್ ವಿರೋಧಿಸುತ್ತಿದ್ದ ಗ್ರೀನ್ಸ್‌ಗೆ ಇದು ಅದೃಷ್ಟದ ಗೆಲುವು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಅದೃಷ್ಟ ಒಂದು ಚುನಾವಣೆ ಗೆಲ್ಲಿಸೀತು. 2016ರಲ್ಲಿ ಶೇ 30.3, 2021ರಲ್ಲಿ ಶೇ 32.6 ಗಳಿಸಿ ಮೊದಲ ಸ್ಥಾನಕ್ಕೇರಿದ್ದಕ್ಕೆ ಬೇರೆ ಕಾರಣ ಹುಡುಕಲೇಬೇಕು.

ಆ ಕಾರಣ ಸ್ಟುಟ್‌ಗಾರ್ಟ್ 21 ರೈಲು ನಿಲ್ದಾಣದ ವಿವಾದದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹದಿನಾರು ಹಳಿಗಳ ಹಳೆಯ ನಿಲ್ದಾಣದ ಬದಲು ನೆಲದಡಿ ಎಂಟು ಹಳಿಗಳದ್ದನ್ನು ಕಟ್ಟುವ ಯೋಜನೆ ಅದು. 2010ರ ಸೆಪ್ಟೆಂಬರ್‌ನಲ್ಲಿ ಪ್ರತಿಭಟನಕಾರರ ಮೇಲೆ ಪೊಲೀಸರು ಜಲಫಿರಂಗಿ ಹಾರಿಸಿದ್ದರು. ಯೋಜನೆಯನ್ನು ವಿರೋಧಿಸುತ್ತಿದ್ದ ಕ್ರೆಚ್‌ಮನ್ ಅಧಿಕಾರಕ್ಕೆ ಬಂದ ಮೇಲೆ ಅದನ್ನು ಜನಮತಕ್ಕೆ ಒಪ್ಪಿಸಿದರು. ಮತದ ವಿಷಯ ರಾಜ್ಯದ ಹಣ ಹಿಂತೆಗೆಯುವ ಮಸೂದೆ. ಹಾಗಾಗಿ ನಿಲ್ದಾಣ ಬೇಡ ಎನ್ನುವವರು ‘ಹೌದು’ ಎಂದೂ, ಬೇಕು ಎನ್ನುವವರು ‘ಇಲ್ಲ’ ಎಂದೂ ಗುರುತು ಹಾಕಬೇಕಿತ್ತು. ಶೇ 58.9 ಜನ ‘ಇಲ್ಲ’ ಎಂದರು. ಕ್ರೆಚ್‌ಮನ್ ಸೋಲೊಪ್ಪಿಕೊಂಡರು, ಕಾಮಗಾರಿ ಮುಂದುವರಿಯಿತು. ತನ್ನ ನಿಲುವಿಗೆ ವಿರುದ್ಧವಾದ ತೀರ್ಪನ್ನು ತಾನೇ ಜಾರಿಗೆ ತಂದವನ ಮೇಲೆ ವಿರೋಧಿ ಮತದಾರನಿಗೂ ನಂಬಿಕೆ ಹುಟ್ಟುತ್ತದೆ.

ಪಕ್ಷದೊಳಗಿನ ಆಕ್ಷೇಪ ಇನ್ನೂ ಗಂಭೀರವಾದುದು. 2014ರಲ್ಲಿ ಸರ್ಬಿಯಾ, ಬೋಸ್ನಿಯಾ, ಮ್ಯಾಸಿಡೋನಿಯಾಗಳನ್ನು ಸುರಕ್ಷಿತ ದೇಶಗಳೆಂದು ಸಾರಿ ಆಶ್ರಯ ಕೋರುವವರ ದಾರಿ ಕಿರಿದಾಗಿಸಿದ ಕಾನೂನಿಗೆ ಬುಂಡೆಸ್‌ರಾಟ್‌ನಲ್ಲಿ ಅವರು ಒಪ್ಪಿಗೆ ಕೊಟ್ಟರು. 2016ರಿಂದ ಸಿಡಿಯು ಜೊತೆಗೇ ಸರ್ಕಾರ ನಡೆಸಿದರು. ಕಾರು ಉದ್ಯಮವನ್ನು ಅತಿಯಾಗಿ ಓಲೈಸಿದರು ಎಂಬ ದೂರೂ ಇದೆ. ಗಾಳಿಯಂತ್ರಗಳ ವಿಷಯದಲ್ಲಿ ರಾಜ್ಯ ಹಿಂದುಳಿದದ್ದು ನಿಜ. ಪರಿಸರದ ಹೆಸರಿನಲ್ಲಿ ಮತ ಪಡೆದ ಸರ್ಕಾರಕ್ಕೆ ಇದು ಸಣ್ಣ ಕೊರತೆಯಲ್ಲ, ಅದಕ್ಕೆ ನಾನು ಸಮರ್ಥನೆ ಹುಡುಕುವುದಿಲ್ಲ. ಆದರೆ ಡೈಮ್ಲರ್ ಕಂಪನಿಯ ಊರನ್ನು, ಬೆಂಗಳೂರಿನ ಮೈಕೋ ಕಾರ್ಖಾನೆಯ ಮೂಲ ಸಂಸ್ಥೆ ಬಾಷ್‌ನ ತವರನ್ನು ಕಾರ್ಮಿಕರ ಸಮ್ಮತಿಯಿಲ್ಲದೆ ಯಾವ ಪಕ್ಷವೂ ಬದಲಿಸಲಾರದು. ಆ ಸಮ್ಮತಿ ಗಳಿಸಲು ತಾಳ್ಮೆ ಬೇಕು, ಮೂವತ್ತು ವರ್ಷ ವಿರೋಧ ಪಕ್ಷದಲ್ಲಿ ಕಾದವರಿಗೆ ಅದು ಒಗ್ಗಿತ್ತು.

ಇಷ್ಟೆಲ್ಲ ಒಬ್ಬ ವ್ಯಕ್ತಿಯ ವರ್ಚಸ್ಸು, ಪಕ್ಷದ್ದಲ್ಲ ಎಂಬ ಮಾತಿನಲ್ಲಿ ಸತ್ಯಾಂಶವಿದೆ. 2026ರಲ್ಲಿ ಸ್ಪರ್ಧಿಸುವುದಿಲ್ಲ ಎಂದು ಕ್ರೆಚ್‌ಮನ್ ತೀರ್ಮಾನಿಸಿದಾಗ ಪಕ್ಷ ಆರಿಸಿಕೊಂಡದ್ದು ಕೇಂದ್ರದಲ್ಲಿ ಕೃಷಿ ಸಚಿವರಾಗಿದ್ದ ಚೆಮ್ ಒಜ್ದೆಮಿರ್ ಅವರನ್ನು. ಕೀಸಿಂಗರ್ ಸ್ಟುಟ್‌ಗಾರ್ಟ್ ಬಿಟ್ಟು ಕೇಂದ್ರಕ್ಕೆ ನಡೆದಿದ್ದರು. ಕೇಂದ್ರದ ಸಚಿವರೊಬ್ಬರು ಸ್ಟುಟ್‌ಗಾರ್ಟ್‌ನ ಕುರ್ಚಿಯನ್ನೇ ಗುರಿಯಾಗಿಸಿಕೊಂಡು ತವರು ರಾಜ್ಯಕ್ಕೆ ಮರಳಿದ್ದು ಆ ಕುರ್ಚಿಗೆ ಬಂದಿರುವ ತೂಕವನ್ನು ತೋರಿಸುತ್ತದೆ.