ಕಳುಹಿಸಿದವರ ವಿಳಾಸ ಸರಿ ಇದ್ದರೆ ಇಮೇಲ್ ಅಸಲಿಯೇ?

‘ವಿಳಾಸ ನೋಡಿ, ಕಾಲೇಜಿನದ್ದೇ ಇದೆ, ಇದು ನಿಜ’ ಎಂಬ ಒಕ್ಕಣೆಯ ಜೊತೆ ಇಮೇಲ್‌ಗಳ ಸ್ಕ್ರೀನ್‌ಶಾಟ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತವೆ. ಸೀಟು ಸಿಕ್ಕಿದೆ, ಇವತ್ತೇ ಶುಲ್ಕ ಕಟ್ಟಿ ಎನ್ನುತ್ತದೆ ಒಂದು. ಕೆಲಸ ಖಾತ್ರಿ, ಠೇವಣಿ ಇಡಿ ಎನ್ನುತ್ತದೆ ಇನ್ನೊಂದು. ಇದಕ್ಕೆ ತಿರುಗಾಮುರುಗಾ ದೂರೂ ಇದೆ: ಕಾಲೇಜು ನಿಜವಾಗಿಯೂ ಕಳಿಸಿದ ಪತ್ರ ಸ್ಪ್ಯಾಮ್‌ನಲ್ಲಿ ಬಿದ್ದಿದ್ದು, ಕೊನೆಯ ದಿನ ಕಳೆದ ಮೇಲೆ ಕಣ್ಣಿಗೆ ಬೀಳುವುದು. ಎರಡನ್ನೂ ಅರ್ಥಮಾಡಿಕೊಳ್ಳಲು ಮೇಲ್ ಯಾವ ದಾರಿಯಲ್ಲಿ ಹೊರಟಿತು ಎಂದು ನೋಡಬೇಕು.

ಅಂಚೆ ಲಕೋಟೆಯ ಮೇಲೆ ‘ಇಂದ’ ಎಂದು ಯಾರ ಹೆಸರನ್ನಾದರೂ ಬರೆಯಬಹುದು, ಅಂಚೆ ಡಬ್ಬಿ ಕೇಳುವುದಿಲ್ಲ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿ 1982ರಲ್ಲಿ ಬಂದಾಗ ಅದರ ಕಥೆಯೂ ಇಷ್ಟೇ. ಕಳಿಸುವವರು ಯಾರೆಂದು ಪರೀಕ್ಷಿಸುವ ಏರ್ಪಾಟು ಇರಲಿಲ್ಲ. ಜೊತೆಗೆ ಇಮೇಲ್‌ಗೆ ಎರಡು ‘ಇಂದ’ಗಳಿವೆ. ಒಂದು ಸರ್ವರ್‌ಗಳು ತಮ್ಮತಮ್ಮಲ್ಲೇ ಹೇಳಿಕೊಳ್ಳುವ ಲಕೋಟೆಯ ವಿಳಾಸ, ಇನ್ನೊಂದು ಒಳಗಿನ ಕಾಗದದ ಮೇಲಿನದು. ನಿಮ್ಮ ಫೋನಿನಲ್ಲಿ ಕಾಣುವುದು ಎರಡನೆಯದು.

ಹೊರಹೋಗುವ ದಾರಿ ಯಾರು ಗೊತ್ತುಮಾಡುತ್ತಾರೆ?

ಮೇಲ್ ಸರ್ವರ್ ಸಾಮಾನ್ಯವಾಗಿ ಪಡೆಯುವವರ ಡೊಮೈನ್‌ಗೆ ಸೇರಿದ ಸರ್ವರ್ ಎಲ್ಲಿದೆ ಎಂದು ಹುಡುಕಿ ನೇರವಾಗಿ ತಲುಪಿಸುತ್ತದೆ. ಆದರೆ ಅದನ್ನು ನಡೆಸುವವರು ಬೇರೆ ನಿಯಮ ಬರೆಯಬಹುದು. 1998ರಲ್ಲಿ ಬಿಡುಗಡೆಯಾದ ಪೋಸ್ಟ್‌ಫಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ‘ರಿಲೇಹೋಸ್ಟ್’ ಎಂಬ ಒಂದು ಸಾಲು ಸಾಕು, ಹೊರಹೋಗುವ ಮೇಲ್ ಎಲ್ಲ ಇನ್ನೊಂದು ಸರ್ವರ್ ಮೂಲಕ ಹೋಗುತ್ತದೆ. ‘ಟ್ರಾನ್ಸ್‌ಪೋರ್ಟ್ ಮ್ಯಾಪ್’ ಪಡೆಯುವವರನ್ನು ನೋಡಿ ದಾರಿ ಆರಿಸುತ್ತದೆ. ಕಳಿಸುವವರನ್ನು ನೋಡಿ ಆರಿಸುವ ಪಟ್ಟಿಯೂ ಬೇರೆ ಇದೆ. ಹಾಗಾಗಿ ಕಾಲೇಜಿನ ಮೇಷ್ಟ್ರ ಮೇಲ್ ನೇರವಾಗಿ ಹೋಗಬಹುದು, ಪ್ರವೇಶ ವಿಭಾಗದ ಸಾವಿರಾರು ಪತ್ರಗಳು ಸಗಟಾಗಿ ಮೇಲ್ ಕಳಿಸುವ ಕಂಪನಿಯ ಮೂಲಕ ಹೋಗಬಹುದು. ಇದರಲ್ಲಿ ಮೋಸವೇನೂ ಇಲ್ಲ. ಸಗಟು ಮೇಲ್‌ನಿಂದ ಕಾಲೇಜಿನ ಸರ್ವರ್ ಕಪ್ಪುಪಟ್ಟಿ ಸೇರಿದರೆ ಮೇಷ್ಟ್ರ ಮೇಲ್ ಕೂಡ ನಿಲ್ಲುತ್ತದೆ. ಅಲ್ಲದೆ ಹಲವು ಕ್ಲೌಡ್ ಕಂಪನಿಗಳು ನೇರ ಮೇಲ್‌ಗೆ ಬೇಕಾದ 25ನೇ ಪೋರ್ಟನ್ನೇ ಮುಚ್ಚಿರುತ್ತವೆ.

ತೊಂದರೆ ಶುರುವಾಗುವುದು ಇಲ್ಲೇ

ಸುಳ್ಳು ‘ಇಂದ’ಗಳನ್ನು ತಡೆಯಲು ಮೂರು ಪರೀಕ್ಷೆಗಳು ಬಂದವು. ಎಸ್‌ಪಿಎಫ್ ಅಂದರೆ ‘ನಮ್ಮ ಹೆಸರಲ್ಲಿ ಈ ಸರ್ವರ್‌ಗಳು ಮಾತ್ರ ಕಳಿಸಬಹುದು’ ಎಂದು ಡೊಮೈನಿನ ಒಡೆಯರು ಎಲ್ಲರಿಗೂ ಕಾಣುವಂತೆ ಹಾಕುವ ಪಟ್ಟಿ. ಆದರೆ ಇದು ನೋಡುವುದು ಲಕೋಟೆಯ ವಿಳಾಸವನ್ನು. ಡಿಕಿಮ್ ಪತ್ರಕ್ಕೆ ಹಾಕುವ ಡಿಜಿಟಲ್ ಮೊಹರು. ಇವೆರಡರಲ್ಲಿ ಒಂದಾದರೂ ಪಾಸಾಗಿ, ನಿಮಗೆ ಕಾಣುವ ‘ಇಂದ’ದ ಡೊಮೈನ್‌ಗೆ ಹೊಂದುತ್ತದೆಯೇ ಎಂದು ನೋಡುವುದು ಡಿಮಾರ್ಕ್. ಹೊಂದದಿದ್ದರೆ ಸ್ಪ್ಯಾಮ್‌ಗೆ ಹಾಕಬೇಕೋ, ತಿರಸ್ಕರಿಸಬೇಕೋ ಎಂದೂ ಡೊಮೈನಿನವರು ಅಲ್ಲಿ ಹೇಳಿಡಬಹುದು.

ಈಗ ಕಾಲೇಜಿನವರು ಸಗಟು ಕಂಪನಿಯ ದಾರಿ ಹಾಕಿದರು, ಆದರೆ ಎಸ್‌ಪಿಎಫ್ ಪಟ್ಟಿಗೆ ಅದನ್ನು ಸೇರಿಸಲಿಲ್ಲ, ಕಾಲೇಜಿನ ಹೆಸರಿನ ಮೊಹರೂ ಹಾಕಿಸಲಿಲ್ಲ ಅನ್ನಿ. ಪತ್ರ ಅಸಲಿ, ದಾರಿ ಮಾತ್ರ ಅಪರಿಚಿತ. ಅದು ಸ್ಪ್ಯಾಮ್‌ಗೆ ಹೋಗುತ್ತದೆ ಅಥವಾ ತಲುಪುವುದೇ ಇಲ್ಲ. 2024ರ ಫೆಬ್ರವರಿಯಿಂದ, ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್‌ಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿದೆ.

ನೀವು ನೋಡುವುದು ಹೇಗೆ?

ಜಿಮೇಲನ್ನು ಕಂಪ್ಯೂಟರ್‌ನಲ್ಲಿ ತೆರೆದು, ಆ ಪತ್ರದ ಬಲಬದಿಯ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಆರಿಸಿ. ಮೂರೂ ಪರೀಕ್ಷೆಗಳ ಮುಂದೆ ‘ಪಾಸ್’ ಅಥವಾ ‘ಫೇಲ್’ ಎಂದು ಬರೆದಿರುತ್ತದೆ. ಹಣ ಕೇಳುವ ಮೇಲ್‌ನಲ್ಲಿ ಡಿಮಾರ್ಕ್ ಫೇಲ್ ಆಗಿದ್ದರೆ ಹಣ ಕಟ್ಟಬೇಡಿ. ಕಾಲೇಜಿನ ವೆಬ್‌ಸೈಟ್‌ನಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ ಕೇಳಿ. ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗಲ್ಲ.

ಮೂರೂ ಪಾಸಾಗಿದ್ದರೆ ನಂಬಬಹುದೇ? ಮೇಲ್ ಆ ಡೊಮೈನ್‌ನಿಂದಲೇ ಬಂದಿದೆ ಎಂದಷ್ಟೇ ನಂಬಬಹುದು. ಒಂದಕ್ಷರ ಬದಲಿಸಿದ ಡೊಮೈನ್ ಕೊಂಡ ವಂಚಕರೂ ಮೂರರಲ್ಲೂ ಪಾಸಾಗುತ್ತಾರೆ, ಹಾಗಾಗಿ ಡೊಮೈನನ್ನು ಅಕ್ಷರ ಬಿಡದೆ ಓದಿ. ಇನ್ನು ಗುಂಪಿನಲ್ಲಿ ಬಂದ ಸ್ಕ್ರೀನ್‌ಶಾಟ್‌ನಲ್ಲಿ ಈ ಯಾವುದನ್ನೂ ಪರೀಕ್ಷಿಸಲಾಗದು. ಅದು ಬರೀ ಚಿತ್ರ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.